ಟಿಪ್ಪುವಿನ ಮರದ ಹುಲಿ

ಮಕ್ಕಳೇ, ಮುಟ್ಟಿದರೆ ಬಾಲ ಅಲ್ಲಾಡಿಸುವ ಯಂತ್ರನಾಯಿಯ ಚಿತ್ರವನ್ನು ನೀವು ನೋಡಿರಬಹುದು. 200 ವರ್ಷಗಳಿಗೂ ಹಿಂದೆ ನಮ್ಮ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದ ಅರಮನೆಯಲ್ಲೇ ಯಂತ್ರಪ್ರಾಣಿಯೊಂದಿತ್ತು!

ಅದರ ಒಡೆಯ ಟಿಪ್ಪು ಸುಲ್ತಾನ್. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು, ತಂದೆ ಹೈದರ್ ಅಲಿ ತೀರಿಕೊಂಡ 1782ರಲ್ಲಿ ಮೈಸೂರಿನ ಆಡಳಿತ ವಹಿಸಿಕೊಂಡನು. ಅವನಿಗೆ ಯಂತ್ರಗಳೆಂದರೆ ಬಲು ಆಸಕ್ತಿ. ಕುಶಲಕರ್ಮಿಗಳು ಬೇಕೆಂದು ಫ್ರಾನ್ಸಿನ ದೊರೆಗೇ ಹೇಳಿಕಳುಹಿಸಿದ್ದನು. ಹುಲಿ ಅವನ ಲಾಂಛನ. ಸಾಕಿದ ನಿಜವಾದ ಹುಲಿಗಳೂ ಅವನಲ್ಲಿದ್ದವು.

ಮರದ ಹುಲಿಯ ಉದ್ದ ಸುಮಾರು 178 ಸೆಂ.ಮೀ. ಅದು ಐರೋಪ್ಯನೊಬ್ಬನ ಮೇಲೆ ಎರಗಿದಂತಿದೆ. ಪಕ್ಕದ ಹಿಡಿ ತಿರುಗಿಸಿದರೆ ಒಳಗಿನ ತಿದಿಗಳು (ಕಮ್ಮಾರನ ಕುಲುಮೆಯಲ್ಲಿರುವಂಥವೇ) ಕೊಳವೆಗಳಿಗೆ ಗಾಳಿ ನೂಕುತ್ತವೆ. ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾ ಕೈ ಎತ್ತುತ್ತಾನೆ. ಹಿಡಿ ಬಿಟ್ಟರೆ ಎಲ್ಲವೂ ಸ್ತಬ್ಧ. ಒಡೆಯನೇ ಬಂದು ಮೈ ತಡವಿದರೂ ಅದಕ್ಕೆ ತಿಳಿಯದು. 1999ರಲ್ಲಿ ಜಪಾನಿನಲ್ಲಿ ಬಂದ ಐಬೋ ನಾಯಿಗೂ, ವೃದ್ಧರಿಗೆ ಜೊತೆಯಾಗಿರುವ ಪಾರೋ ಎಂಬ ಸೀಲ್ ಮರಿಗೂ ಸ್ಪರ್ಶ ಗುರುತಿಸುವ ಸಂವೇದಕಗಳಿವೆ.

1799ರ ಮಾರ್ಚ್ 27ರಂದು ಮಳವಳ್ಳಿ ಬಳಿಯ ಯುದ್ಧದಲ್ಲಿ ಟಿಪ್ಪು ಹಿಂದೆ ಸರಿಯಬೇಕಾಯಿತು. ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತಲೇ ಮಡಿದನು. ಮರದ ಹುಲಿಯನ್ನು ಬ್ರಿಟಿಷರು ಲಂಡನ್ನಿಗೆ ಸಾಗಿಸಿದರು. ಅದು ಈಗ ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ನೋಡಲು ಹೋದವರು ಅದರ ಹಿಡಿ ಮುಟ್ಟುವಂತಿಲ್ಲ.