ಮದ್ದಿನ ಗಿರಣಿಯ ಎದುರೇ ಮನೆ ಕಟ್ಟಿದಾತ

ರಸಾಯನಶಾಸ್ತ್ರ ಓದಿದವರಿಗೆ ಡುಪಾಂಟ್ ಎಂಬ ಹೆಸರು ಹೊಸದಲ್ಲ. ನೈಲಾನ್, ಟೆಫ್ಲಾನ್‌ಗಳನ್ನು ಜಗತ್ತಿಗೆ ಕೊಟ್ಟ ಕಂಪನಿ ಅದು. ಆದರೆ ಅದು ಶುರುವಾದದ್ದು ಕೋವಿಗೆ ತುಂಬುವ ಕರಿಮದ್ದಿನಿಂದ. ಶುರು ಮಾಡಿದಾತ ದೇಶ ಬಿಟ್ಟು ಬಂದಿದ್ದ, ಕೈಯಲ್ಲಿ ಕೆಲಸವಿಲ್ಲದ, ಹೆಂಡತಿ ಮತ್ತು ಮೂವರು ಮಕ್ಕಳ ಜವಾಬ್ದಾರಿ ಹೊತ್ತಿದ್ದ 28 ವರ್ಷದ ಯುವಕ. ಹೆಸರು ಎಲ್ಯುಥೇರ್ ಇರೆನೇ ಡುಪಾಂಟ್.

ಇರೆನೇ ಹುಟ್ಟಿದ್ದು 1771ರಲ್ಲಿ, ಪ್ಯಾರಿಸ್‌ನಲ್ಲಿ. ತಂದೆ ಪಿಯರ್ ಸ್ಯಾಮ್ಯುಯೆಲ್ ಹೆಸರಾಂತ ಅರ್ಥಶಾಸ್ತ್ರಜ್ಞ. ಅವರ ಸ್ನೇಹಿತರಲ್ಲಿ ಒಬ್ಬರು ಆಧುನಿಕ ರಸಾಯನಶಾಸ್ತ್ರದ ಪಿತಾಮಹ ಲವಾಸಿಯೆ. ಆಗ ಫ್ರಾನ್ಸ್ ಸರ್ಕಾರದ ಮದ್ದು ತಯಾರಿಕೆಯ ಉಸ್ತುವಾರಿ ಲವಾಸಿಯೆ ಅವರದೇ ಆಗಿತ್ತು. ಹದಿಹರೆಯದ ಇರೆನೇ ಅವರ ಕೈಕೆಳಗೆ ಸೇರಿ, ಎಸೋನ್‌ ಎಂಬಲ್ಲಿದ್ದ ಕಾರ್ಖಾನೆಯಲ್ಲಿ ಕೆಲಸ ಕಲಿತ.

ಕರಿಮದ್ದಿನಲ್ಲಿ ಇರುವುದು ಮೂರೇ ವಸ್ತು. ಸುಮಾರು 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ. ಕೇಳಲು ಸುಲಭ, ಮಾಡಲು ಕಷ್ಟ. ಪೆಟ್ಲುಪ್ಪಿನಲ್ಲಿ ಬೇರೆ ಲವಣಗಳು ಉಳಿದರೆ ಮದ್ದು ಗಾಳಿಯ ತೇವ ಹೀರಿ ಕೆಡುತ್ತದೆ. ಇದ್ದಿಲು ಮೃದು ಮರದ್ದಾಗಿರಬೇಕು. ಮೂರೂ ಚೆನ್ನಾಗಿ ಅರೆದು ಒಂದಾಗಬೇಕು. ಕಾಳಿನ ಗಾತ್ರವೂ ಮುಖ್ಯ. ಫಿರಂಗಿಗೆ ದಪ್ಪ ಕಾಳು, ಕೋವಿಗೆ ಸಣ್ಣ ಕಾಳು.

ಅಂದಿನ ಕೋವಿಗಳಿಗೆ ಮೂತಿಯಿಂದಲೇ ಈಡು ತುಂಬಬೇಕಿತ್ತು. ನಮ್ಮ ಮಲೆನಾಡಿನ ಹಿರಿಯರು ಕೇಪಿನ ಕೋವಿಯ ವಿಷಯ ಹೇಳುವುದನ್ನು ನೀವು ಕೇಳಿರಬಹುದು. ಅದಕ್ಕೂ ಹಿಂದಿನದು ಚಕಮಕಿ ಕಲ್ಲಿನ ಕೋವಿ. ಅಳೆದ ಮದ್ದನ್ನು ನಳಿಗೆಯೊಳಗೆ ಸುರಿದು, ಅದರ ಮೇಲೆ ಗುಂಡು ಇಟ್ಟು, ಸಲಾಕೆಯಿಂದ ಕೆಳಗಿನವರೆಗೆ ತಳ್ಳಬೇಕು. ಪಕ್ಕದ ಪುಟ್ಟ ತಟ್ಟೆಗೆ ಚಿಟಿಕೆ ಮದ್ದು ಹಾಕಬೇಕು. ಕುದುರೆ ಎಳೆದಾಗ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರುತ್ತದೆ, ತಟ್ಟೆಯ ಬೆಂಕಿ ಸಣ್ಣ ತೂತಿನ ಮೂಲಕ ಒಳಗೆ ಹೋಗುತ್ತದೆ. ಮದ್ದು ಕಳಪೆಯಾದರೆ ಕೋವಿ ಎಷ್ಟೇ ಒಳ್ಳೆಯದಿದ್ದರೂ ಪ್ರಯೋಜನವಿಲ್ಲ. ಒಮ್ಮೆ ಗುಂಡು ದೂರ ಹೋದರೆ ಮತ್ತೊಮ್ಮೆ ಹತ್ತಿರವೇ ಬೀಳುತ್ತದೆ, ಕೆಲವೊಮ್ಮೆ ಹೊತ್ತಿಕೊಳ್ಳುವುದೇ ಇಲ್ಲ. ನಳಿಗೆಗೆ ಮಸಿಯೂ ಬೇಗ ಕಟ್ಟುತ್ತದೆ.

ಇರೆನೇ ಕಲಿತ ವಿದ್ಯೆ ತಕ್ಷಣ ಅನ್ನ ಕೊಡಲಿಲ್ಲ. 1789ರಲ್ಲಿ ಫ್ರಾನ್ಸ್‌ನಲ್ಲಿ ಕ್ರಾಂತಿಯಾಯಿತು. ಕೆಲಸ ಬಿಟ್ಟು ತಂದೆಯ ಮುದ್ರಣಾಲಯ ನೋಡಿಕೊಳ್ಳಬೇಕಾಯಿತು. 1794ರಲ್ಲಿ ಗುರು ಲವಾಸಿಯೆಗೆ ಗಿಲೊಟಿನ್ ಶಿಕ್ಷೆಯಾಯಿತು. 1797ರಲ್ಲಿ ಗುಂಪೊಂದು ಮುದ್ರಣಾಲಯವನ್ನು ಧ್ವಂಸ ಮಾಡಿತು. ಇನ್ನು ಅಲ್ಲಿರುವುದು ಸಾಧ್ಯವಿಲ್ಲವೆಂದು ಇಡೀ ಕುಟುಂಬ ಹಡಗು ಹತ್ತಿತು. 1800ರ ಹೊಸ ವರ್ಷದ ದಿನ ಅಮೆರಿಕದ ರೋಡ್ ಐಲೆಂಡ್ ತೀರ ತಲುಪಿತು.

ತಂದೆಯ ತಲೆಯಲ್ಲಿ ಭೂಮಿ ವ್ಯವಹಾರದ ದೊಡ್ಡ ದೊಡ್ಡ ಯೋಜನೆಗಳಿದ್ದವು. ಒಂದೂ ಕೈಗೂಡಲಿಲ್ಲ. ಆ ದಿನಗಳಲ್ಲಿ ಇರೆನೇ ಸ್ನೇಹಿತನೊಬ್ಬನ ಜತೆ ಬೇಟೆಗೆ ಹೋಗಿದ್ದಾಗ ಅಲ್ಲಿನ ಮದ್ದು ಎಷ್ಟು ದುಬಾರಿ, ಎಷ್ಟು ಕಳಪೆ ಎಂಬುದು ಕಣ್ಣಿಗೆ ಬಿತ್ತು ಎಂಬ ಕಥೆ ಪ್ರಚಲಿತದಲ್ಲಿದೆ. ಆತ ಅಲ್ಲಿನ ಮದ್ದಿನ ಗಿರಣಿಯೊಂದನ್ನು ನೋಡಿ ಬಂದ. ಪೆಟ್ಲುಪ್ಪು ಒಳ್ಳೆಯದೇ ಇತ್ತು, ಅದನ್ನು ಶುದ್ಧಗೊಳಿಸುವ ವಿಧಾನ ಹಳೆಯದಾಗಿತ್ತು. ತಾನು ಹದಿನಾರರ ವಯಸ್ಸಿನಲ್ಲಿ ಕಲಿತದ್ದು ಈ ದೇಶದಲ್ಲಿ ಯಾರಿಗೂ ಸರಿಯಾಗಿ ಬರುವುದಿಲ್ಲ ಎಂಬುದು ಇರೆನೇಗೆ ಅಲ್ಲಿ ಹೊಳೆಯಿತು.

1801ರಲ್ಲಿ ಆತ ಫ್ರಾನ್ಸ್‌ಗೆ ಮರಳಿ ಬಂಡವಾಳ ಹುಡುಕಿದ, ಯಂತ್ರಗಳ ನಕ್ಷೆ ತಂದ. ತಲಾ 2,000 ಡಾಲರ್‌ನ 18 ಷೇರುಗಳು, ಒಟ್ಟು 36,000 ಡಾಲರ್, ಅದೂ ಕಾಗದದ ಮೇಲೆ. 1802ರಲ್ಲಿ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ ಬಳಿ, ಬ್ರಾಂಡಿವೈನ್ ಹೊಳೆಯ ದಂಡೆಯಲ್ಲಿ 6,740 ಡಾಲರ್‌ಗೆ ಜಮೀನು ಕೊಂಡ. ಗಾಲಿ ತಿರುಗಿಸಲು ನೀರಿನ ರಭಸ, ಇದ್ದಿಲಿಗೆ ವಿಲೋ ಮರ ಎರಡೂ ಅಲ್ಲೇ ಸಿಕ್ಕವು. ಪೆಟ್ಲುಪ್ಪು ಮಾತ್ರ ಹಡಗಿನಲ್ಲಿ ದೂರದ ನಮ್ಮ ಭಾರತದಿಂದ ಬರುತ್ತಿತ್ತು. ಬಿಹಾರ, ಬಂಗಾಳದ ಮಣ್ಣಿನಿಂದ ತೆಗೆದ ಉಪ್ಪು ಅದು. 1804ರಲ್ಲಿ ಮೊದಲ ಮದ್ದು ಮಾರಾಟವಾಯಿತು. ಅಧ್ಯಕ್ಷ ಜೆಫರ್ಸನ್ ಕುಟುಂಬದ ಪರಿಚಯಸ್ಥರು, ಸರ್ಕಾರದ ಕೆಲಸವೂ ಸಿಕ್ಕಿತು.

ಆತ ಗಿರಣಿ ಕಟ್ಟಿದ ರೀತಿಯಲ್ಲಿ ಜಾಣತನವಿತ್ತು. ಮೂರು ಕಡೆ ದಪ್ಪ ಕಲ್ಲಿನ ಗೋಡೆ, ಹೊಳೆಯ ಕಡೆ ಹಗುರ ಗೋಡೆ, ಮೇಲೆ ಹಗುರ ಮಾಡು. ಮದ್ದು ಸಿಡಿದರೆ ಅದರ ರಭಸ ಹೊಳೆಯತ್ತ ಹೋಗಲಿ, ಪಕ್ಕದ ಕಟ್ಟಡ ಉಳಿಯಲಿ ಎಂಬ ಲೆಕ್ಕ. ಇನ್ನೊಂದು ಲೆಕ್ಕವೂ ಇತ್ತು. ಮಾಲೀಕನ ಮನೆ ಎಲ್ಲೋ ಸುರಕ್ಷಿತ ದೂರದಲ್ಲಿರಲಿಲ್ಲ. ಗಿರಣಿಗಳು ಕಾಣುವ ಗುಡ್ಡದ ಮೇಲೇ ಇರೆನೇ ಸಂಸಾರ ಹೂಡಿದ.

ಅಪಾಯ ಬಂದೇ ಬಂತು. 1815ರ ಸ್ಫೋಟದಲ್ಲಿ 9 ಜನ ಸತ್ತರು. 1817ರಲ್ಲಿ ಗಿರಣಿಗೆ ಬೆಂಕಿ ಬಿದ್ದಾಗ ನಂದಿಸಲು ಓಡಿದವರಲ್ಲಿ 77 ವರ್ಷದ ತಂದೆಯೂ ಇದ್ದರು. ಆ ದಣಿವಿನಿಂದ ಅವರು ಚೇತರಿಸಿಕೊಳ್ಳಲಿಲ್ಲ, ಕೆಲವೇ ವಾರಗಳಲ್ಲಿ ತೀರಿಕೊಂಡರು. 1818ರ ಮಾರ್ಚ್‌ನಲ್ಲಿ ಸಂಗ್ರಹದ ಮದ್ದೇ ಸಿಡಿಯಿತು. 30ಕ್ಕೂ ಹೆಚ್ಚು ಜನ ಸತ್ತರು. ಮನೆಯಲ್ಲಿದ್ದ ಪತ್ನಿ ಸೋಫಿಗೂ ಪೆಟ್ಟಾಯಿತು. ಮೂರು ಕಡೆಯ ಕಲ್ಲಿನ ಗೋಡೆ ಎಲ್ಲವನ್ನೂ ತಡೆಯಲಾರದು ಎಂಬುದು ಆ ದಿನ ಗೊತ್ತಾಯಿತು.

ಸಾಲದಲ್ಲಿ ಮುಳುಗಿದ್ದ ಇರೆನೇ ಬಾಗಿಲು ಮುಚ್ಚಿ ಹೋಗಬಹುದಿತ್ತು. ಕಾರ್ಮಿಕರ ಕುಟುಂಬಗಳಿಗೆ ಪರಿಹಾರ ಕೊಡಬೇಕೆಂಬ ಕಾನೂನು ಆಗ ಇರಲಿಲ್ಲ. ಆದರೂ ಸತ್ತವರ ಹೆಂಡತಿಯರಿಗೆ ಪಿಂಚಣಿ ಕೊಟ್ಟ, ಇರಲು ಮನೆ ಕೊಟ್ಟ. ಮತ್ತೆ ಸಾಲ ಮಾಡಿ ಗಿರಣಿ ಎಬ್ಬಿಸಿದ. ಇದರಿಂದ ಸತ್ತವರು ಮರಳಿ ಬರಲಿಲ್ಲ ನಿಜ. ಲಾಭದ ಲೆಕ್ಕದ ಪುಸ್ತಕದಲ್ಲಿ ಜೀವಕ್ಕೂ ಒಂದು ಸಾಲು ಇರಬೇಕೆಂದು ಒಪ್ಪಿಕೊಂಡ ಮಾಲೀಕರು ಆ ಕಾಲದಲ್ಲಿ ಬಹಳ ಮಂದಿ ಇರಲಿಲ್ಲ ಎಂಬುದೂ ಅಷ್ಟೇ ನಿಜ.

1830ರ ದಶಕದ ಆರಂಭದಲ್ಲಿ ದಕ್ಷಿಣ ಕೆರೊಲಿನಾ ರಾಜ್ಯ ಕೇಂದ್ರ ಸರ್ಕಾರದ ವಿರುದ್ಧ ತಿರುಗಿ ನಿಂತಾಗ ಅಲ್ಲಿಂದ ಮದ್ದಿಗೆ ದೊಡ್ಡ ಬೇಡಿಕೆ ಬಂತು. ಸಾಲಗಾರನಾಗಿದ್ದ ಇರೆನೇಗೆ ಆ ದುಡ್ಡು ಬೇಕಿತ್ತು. ಆದರೆ ಆತ ಮಾರಲು ಒಪ್ಪಲಿಲ್ಲ.

1834ರ ಅಕ್ಟೋಬರ್ 31ರಂದು, 63ನೇ ವಯಸ್ಸಿನಲ್ಲಿ, ಫಿಲಡೆಲ್ಫಿಯಾದಲ್ಲಿ ಇರೆನೇ ಕೊನೆಯುಸಿರೆಳೆದ. ಹಳೆಯ ಷೇರುದಾರರ ಬಾಕಿ ಆಗಲೂ ಪೂರ್ತಿ ತೀರಿರಲಿಲ್ಲ. ನಂತರ ಅಳಿಯ ಅದನ್ನು ಇತ್ಯರ್ಥ ಮಾಡಿದ. ಹೊಳೆಯ ದಂಡೆಯ ಆ ಗಿರಣಿಗಳಲ್ಲಿ 1921ರವರೆಗೂ ಮದ್ದು ತಯಾರಾಯಿತು. ಈಗ ಅಲ್ಲಿ ಹ್ಯಾಗ್ಲಿ ವಸ್ತುಸಂಗ್ರಹಾಲಯವಿದೆ.

ಓದಿದ್ದು ಒಂದು, ಸಿಗುವ ಕೆಲಸ ಇನ್ನೊಂದು ಎಂದು ಬೇಸರಪಡುವ ಗೆಳೆಯರು ನಮ್ಮಲ್ಲಿ ಬಹಳಷ್ಟಿದ್ದಾರೆ. ಇರೆನೇ ಕೂಡ ಹಲವು ವರ್ಷ ಕಲಿತದ್ದನ್ನು ಬಿಟ್ಟು ಅಚ್ಚಿನ ಮೊಳೆ ಜೋಡಿಸುವ ಕೆಲಸ ನೋಡಿಕೊಂಡಿದ್ದ. ಚೆನ್ನಾಗಿ ಕಲಿತದ್ದು ಕೈಯಲ್ಲೇ ಉಳಿದಿತ್ತು. ಬೇಕಾದ ಜಾಗ ಕಂಡ ದಿನ ಅದು ಕೆಲಸಕ್ಕೆ ಬಂತು.