ಪ್ರಶ್ನೆಪತ್ರಿಕೆ ಮೊದಲು, ಪಾಠ ಆಮೇಲೆ: ಬೆಂಜಮಿನ್ ಬ್ಲೂಮ್

ಬಿ.ಎಡ್. ಓದಿದವರೆಲ್ಲ ಬ್ಲೂಮ್ ಅವರ ಆರು ಹಂತಗಳನ್ನು ಬಾಯಿಪಾಠ ಮಾಡಿ ಅಂಕ ಪಡೆದವರೇ. ಆದರೆ ಆ ಹಂತಗಳು ರೂಪುಗೊಂಡದ್ದು ಪ್ರಶ್ನೆಪತ್ರಿಕೆ ತಯಾರಿಸುವವರ ನಡುವೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಬೆಂಜಮಿನ್ ಬ್ಲೂಮ್ ಅವರು 1913ರ ಫೆಬ್ರವರಿ 21ರಂದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾನ್ಸ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ-ತಾಯಿ ರಷ್ಯಾದ ತಾರತಮ್ಯದಿಂದ ದೂರವಾಗಿ ವಲಸೆ ಬಂದ ಯಹೂದಿಗಳು. ಬಾಲಕನಿಗೆ ಓದುವ ಹುಚ್ಚು ಎಷ್ಟಿತ್ತೆಂದರೆ, ಬೆಳಿಗ್ಗೆ ತಂದ ಪುಸ್ತಕವನ್ನು ಅದೇ ದಿನ ಮರಳಿಸಲು ಹೋಗುತ್ತಿದ್ದ. ಪೂರ್ತಿ ಓದಿದ್ದಾನೆಂದು ಖಾತ್ರಿಯಾಗುವವರೆಗೆ ಗ್ರಂಥಪಾಲಕಿ ಪುಸ್ತಕ ವಾಪಸು ಪಡೆಯುತ್ತಿರಲಿಲ್ಲವಂತೆ.

1935ರಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ ಬ್ಲೂಮ್ ಮುಂದೆ ಷಿಕಾಗೊ ವಿಶ್ವವಿದ್ಯಾಲಯ ಸೇರಿ ರಾಲ್ಫ್ ಟೈಲರ್ ಅವರ ಮಾರ್ಗದರ್ಶನದಲ್ಲಿ ಬೆಳೆದರು. 1942ರಲ್ಲಿ ಪಿಎಚ್.ಡಿ. ಪಡೆದು, ಮರುವರ್ಷ ವಿಶ್ವವಿದ್ಯಾಲಯದ ಪರೀಕ್ಷಾಧಿಕಾರಿಯಾದರು. ಅಲ್ಲಿ ವರ್ಷಾಂತ್ಯದ ಪರೀಕ್ಷೆ ಪಾಠ ಮಾಡಿದವರ ಕೈಯಲ್ಲಿರದೆ ಪ್ರತ್ಯೇಕ ಮಂಡಳಿಯ ಹೊಣೆಯಾಗಿತ್ತು. ಹೀಗಾಗಿ ವರ್ಷದ ಕೊನೆಗೆ ವಿದ್ಯಾರ್ಥಿಗೆ ಏನು ಮಾಡಲು ಬರಬೇಕು ಎಂಬುದು ಮೊದಲೇ ಸ್ಪಷ್ಟವಾಗಬೇಕಿತ್ತು. ವಿಷಯ ತಿಳಿದಿರಬೇಕು ಎಂದರೆ ಸಾಲದು. ನೆನಪಿಟ್ಟು ಹೇಳುವುದೂ ತಿಳಿದಿರುವುದೇ, ಹೊಸ ಸಮಸ್ಯೆಗೆ ಬಳಸುವುದೂ ತಿಳಿದಿರುವುದೇ. ಈ ವ್ಯತ್ಯಾಸಕ್ಕೆ ಹೆಸರು ಕೊಡಲು 1948ರಲ್ಲಿ ಬೋಸ್ಟನ್ನಿನಲ್ಲಿ ಸೇರಿದ ಪರೀಕ್ಷಕರು ಚರ್ಚೆ ಆರಂಭಿಸಿದರು. ಅದರ ಫಲವೇ 1956ರ ಗ್ರಂಥ. ಜ್ಞಾನ, ತಿಳುವಳಿಕೆ, ಅನ್ವಯ, ವಿಶ್ಲೇಷಣೆ, ಸಂಶ್ಲೇಷಣೆ, ಮೌಲ್ಯಮಾಪನ ಎಂಬ ವರ್ಗೀಕರಣ ಅದರಲ್ಲಿದೆ.

ಮರುವರ್ಷವೇ, 1957ರಲ್ಲಿ, ಬ್ಲೂಮ್ ಭಾರತಕ್ಕೆ ಬಂದು ಪರೀಕ್ಷಾ ಸುಧಾರಣೆಯ ಕಾರ್ಯಾಗಾರಗಳನ್ನು ನಡೆಸಿದರು. 1958ರಲ್ಲಿ ಕೇಂದ್ರ ಪರೀಕ್ಷಾ ಘಟಕ ಸ್ಥಾಪನೆಯಾಯಿತು. ಇಂದು ನಾವು ಪ್ರಶ್ನೆಪತ್ರಿಕೆಗೆ ಮುನ್ನ ಬರೆಯುವ ನೀಲನಕ್ಷೆ ಈ ಚಿಂತನೆಯ ಕೂಸು. ದುಃಖದ ಸಂಗತಿಯೆಂದರೆ, ಅನೇಕ ಕಡೆ ಪಾಠವೆಲ್ಲ ಮುಗಿದ ಮೇಲೆ ಅದರ ಕೋಷ್ಟಕ ತುಂಬಲಾಗುತ್ತದೆ. ಉರ್ದು ಮಾಧ್ಯಮದ ಮಗುವಿಗೆ ಕನ್ನಡ ಪತ್ರಲೇಖನ ಕಲಿಸುವುದನ್ನೇ ನೋಡಿ. ಬೀದಿದೀಪ ಕೆಟ್ಟಿದೆ, ಪಂಚಾಯಿತಿಗೆ ಅರ್ಜಿ ಬರೆ ಎಂಬ ಪ್ರಶ್ನೆಯನ್ನು ಶಿಕ್ಷಕರು ಮೊದಲೇ ಬರೆದಿಟ್ಟುಕೊಂಡರೆ, ಗೈಡಿನ ಪತ್ರವನ್ನು ನಕಲು ಮಾಡಿಸುವ ಪಾಠ ಸಾಲದೆಂದು ಆಗಲೇ ಗೊತ್ತಾಗುತ್ತದೆ. ವಿಳಾಸ, ಒಕ್ಕಣೆ, ವಿನಂತಿಯ ವಾಕ್ಯಗಳನ್ನು ಮಗು ಸ್ವತಃ ಕಟ್ಟಬೇಕು; ಅದಕ್ಕೆ ಅವಧಿಗಳು ಬೇಕು.

ನನ್ನ ದೃಷ್ಟಿಯಲ್ಲಿ ಬ್ಲೂಮ್ ಅವರ ಹೆಚ್ಚಿನ ಕೊಡುಗೆ 1968ರಲ್ಲಿ ಮಂಡಿಸಿದ ಪ್ರಭುತ್ವ ಕಲಿಕೆ. ಗುರಿ ಎಲ್ಲರಿಗೂ ಒಂದೇ. ಅದನ್ನು ಮುಟ್ಟಲು ಬೇಕಾದ ಸಮಯ ಮಾತ್ರ ಬೇರೆ ಬೇರೆ. ಪ್ರತಿ ಘಟಕದ ನಂತರ ಸಣ್ಣ ಪರೀಕ್ಷೆ, ತಪ್ಪಿದ ಕಡೆ ಪರಿಹಾರ ಬೋಧನೆ, ಮತ್ತೊಂದು ಅವಕಾಶ. ಸೂಕ್ತ ನೆರವು ಸಿಕ್ಕರೆ ಬಹುಪಾಲು ಮಕ್ಕಳು ಗುರಿ ಮುಟ್ಟಬಲ್ಲರೆಂದು ಅವರು ವಾದಿಸಿದರು. ಮನೆಯಲ್ಲಿ ಮೊದಲ ಬಾರಿಗೆ ಎಸ್ಸೆಸ್ಸೆಲ್ಸಿಗೆ ಕೂರುವ ಮಗಳನ್ನು ದಡ್ಡಿ ಎಂದು ಮನೆಗೆ ಕಳಿಸುವುದೋ, ಇನ್ನೆರಡು ವಾರ ಕೊಡುವುದೋ ಎಂಬುದು ಇಲ್ಲಿ ನಿರ್ಧಾರವಾಗುತ್ತದೆ.

ಬ್ಲೂಮ್ 1999ರ ಸೆಪ್ಟೆಂಬರ್ 13ರಂದು ಷಿಕಾಗೊದಲ್ಲಿ ನಿಧನರಾದರು. 2001ರಲ್ಲಿ ಅವರ ಶಿಷ್ಯ ಲೋರಿನ್ ಆಂಡರ್ಸನ್ ಮತ್ತು ಸಹಲೇಖಕ ಡೇವಿಡ್ ಕ್ರಾಥ್ವೋಲ್ ವರ್ಗೀಕರಣವನ್ನು ಪರಿಷ್ಕರಿಸಿ, ನಾಮಪದಗಳ ಜಾಗದಲ್ಲಿ ಕ್ರಿಯಾಪದಗಳನ್ನು ತಂದರು. ಸೃಜಿಸುವುದು ಎಂಬ ಹಂತ ಎಲ್ಲಕ್ಕಿಂತ ಮೇಲೆ ಬಂತು.