ಟೆಲಿಫೋನ್ ಕೇಂದ್ರದಿಂದ ಗಾನವೇದಿಕೆಗೆ

ಪಾಶ್ಚಾತ್ಯ ಶಾಸ್ತ್ರೀಯ ಗಾಯನದಲ್ಲಿ ಖ್ಯಾತಿಗೆ ಒಪೆರಾ ರಂಗವೇ ರಾಜಮಾರ್ಗವೆಂಬ ನಂಬಿಕೆಯಿದೆ. ಇಂಗ್ಲೆಂಡಿನ ಕ್ಯಾಥ್ಲೀನ್ ಫೆರಿಯರ್ ಅವರ ಹಾದಿಯೇ ಬೇರೆ. ಅವರನ್ನು ಬೆಳೆಸಿದ್ದು ಊರೂರಿನ ಹವ್ಯಾಸಿ ವೃಂದಗಾನ ಸಂಘಗಳು.

1912ರ ಏಪ್ರಿಲ್ 22ರಂದು ಲ್ಯಾಂಕಾಶೈರ್ ಪ್ರಾಂತ್ಯದ ಹೈಯರ್ ವಾಲ್ಟನ್ ಗ್ರಾಮದಲ್ಲಿ ಶಾಲಾ ಮುಖ್ಯೋಪಾಧ್ಯಾಯರ ಮಗಳಾಗಿ ಜನಿಸಿದ ಫೆರಿಯರ್, 14ನೇ ವಯಸ್ಸಿಗೇ ಓದು ನಿಲ್ಲಿಸಿ ಬ್ಲ್ಯಾಕ್‌ಬರ್ನ್‌ನ ಟೆಲಿಫೋನ್ ಕೇಂದ್ರದಲ್ಲಿ ಉದ್ಯೋಗಕ್ಕೆ ಸೇರಿದರು. ಆಗ ಅವರು ಪಿಯಾನೊ ವಾದಕಿಯೆಂದೇ ಪರಿಚಿತರು. 1937ರ ಕಾರ್ಲೈಲ್ ಸಂಗೀತ ಸ್ಪರ್ಧೆಯಲ್ಲಿ, ಪತಿಯೊಡನೆ ಕಟ್ಟಿದ ಒಂದು ಶಿಲ್ಲಿಂಗ್ ಪಂಥಕ್ಕಾಗಿ ಗಾಯನಕ್ಕೂ ಹೆಸರು ನೀಡಿ, ಎರಡೂ ವಿಭಾಗಗಳಲ್ಲಿ ಪ್ರಥಮ ಸ್ಥಾನ ಗಳಿಸಿದರು.

ಎರಡನೇ ಮಹಾಯುದ್ಧ ಅವರಿಗೆ ವೇದಿಕೆಯಾಯಿತು. ಕಾರ್ಖಾನೆ, ಚರ್ಚು, ಪುರಭವನಗಳಲ್ಲಿ ಅವರ ಮಂದ್ರಸ್ಥಾಯಿಯ ಕಂಠ ಮೊಳಗಿತು. ಸಂಭಾವನೆ ಬಯಸದೆ ಹಾಡುವ ಜನಸಾಮಾನ್ಯರ ವೃಂದಕ್ಕೆ ಅವರು ಏಕವ್ಯಕ್ತಿ ಗಾಯಕಿಯಾದರು. 1943ರ ಮೇ 17ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಹವ್ಯಾಸಿಗಳ ಬಾಖ್ ಕಾಯರ್‌ನೊಂದಿಗೆ ಹಾಡಿದ ಹ್ಯಾಂಡೆಲ್‌ನ 'ಮೆಸ್ಸಾಯ' ಅವರನ್ನು ರಾಷ್ಟ್ರಕ್ಕೆ ಪರಿಚಯಿಸಿತು. 1947ರಲ್ಲಿ ಎಡಿನ್‌ಬರೊ ಉತ್ಸವದಲ್ಲಿ ಬ್ರೂನೊ ವಾಲ್ಟರ್ ನಿರ್ದೇಶನದಲ್ಲಿ ಮಾಹ್ಲರ್‌ನ ಕೃತಿ ಹಾಡಿದ ಬಳಿಕ ಕೀರ್ತಿ ಕಡಲಾಚೆಗೂ ಹಬ್ಬಿತು.

ಒಪೆರಾದಲ್ಲಿ ಅವರು ನಿರ್ವಹಿಸಿದ್ದು ಲುಕ್ರೇಷಿಯ ಮತ್ತು ಆರ್ಫಿಯೊ ಎಂಬ ಎರಡೇ ಪಾತ್ರಗಳನ್ನು. 1951ರಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಚಿಕಿತ್ಸೆಯ ನಡುವೆಯೂ ಗಾಯನ ನಿಲ್ಲಲಿಲ್ಲ. 1953ರ ಫೆಬ್ರುವರಿಯಲ್ಲಿ ಕೋವೆಂಟ್ ಗಾರ್ಡನ್‌ನಲ್ಲಿ ಆರ್ಫಿಯೊ ಪಾತ್ರದ ಎರಡನೇ ಪ್ರದರ್ಶನದ ವೇಳೆ, ರೋಗದಿಂದ ಶಿಥಿಲವಾಗಿದ್ದ ತೊಡೆಯ ಮೂಳೆ ಮುರಿಯಿತು. ನೋವು ನುಂಗಿ ಕೊನೆಯವರೆಗೂ ಹಾಡಿದರು. ಅದೇ ಅವರ ಅಂತಿಮ ಸಾರ್ವಜನಿಕ ಗಾಯನ. ಅದೇ ವರ್ಷ ಅಕ್ಟೋಬರ್ 8ರಂದು, 41ನೇ ವಯಸ್ಸಿನಲ್ಲಿ ನಿಧನರಾದರು. ಎರಡೇ ಒಪೆರಾ ಪಾತ್ರಗಳ ಈ ಗಾಯಕಿಯನ್ನು ದೇಶವೇ ತನ್ನವಳೆಂದು ಕಂಬನಿ ಮಿಡಿಯಿತು.